ಮಾವಶಿ ಮೆಚ್ಚಿದ ಒಂದೇ ಕಾದಂಬರಿ

ಕಳೆದ ಭಾನುವಾರ ಸಾಂಗ್ಲಿಯಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಹೆಚ್ಚು ಹೊತ್ತಲ್ಲ, ಒಂದು ಕಪ್ ಚಹಾ ಮುಗಿಯುವವರೆಗೆ!

ಅಲ್ಲಿನ ವಿಶ್ರಾಮಬಾಗ ಬಡಾವಣೆಯಲ್ಲಿ ನನ್ನ ಸುಶೀಲಾ ಮಾವಶಿ ಇದ್ದಾರೆ, ಅಮ್ಮನ ತಂಗಿ. ಲೈಬ್ರರಿಯ ಕಾದಂಬರಿಗಳನ್ನೆಲ್ಲ ಅರೆದು ಕುಡಿದವರು. ಪ್ರತಿಯೊಂದಕ್ಕೂ ನಿಂತ ನಿಲುವಿನಲ್ಲೇ ತೀರ್ಪು.

ರಷ್ಯಾದ ದಪ್ಪ ಕ್ಲಾಸಿಕ್? “ಒಬ್ಬೊಬ್ಬರಿಗೆ ಮೂರ್ ಮೂರು ಹೆಸರು. ಯಾರು ಸತ್ರಂತ ತಿಳಿಯೂದ್ರಾಗ ಇನ್ನೊಬ್ಬ ಸತ್ತಿರತಾನ.”

ಇಂಗ್ಲೆಂಡಿನ ಪ್ರೇಮಕಥೆ? “ಮೊದಲನೇ ದಿನಾನ ಇಬ್ರೂ ಬಾಯಿ ಬಿಟ್ಟು ಮಾತಾಡಿದ್ರ ಪುಸ್ತಕಾನ ಬ್ಯಾಡಾಗಿತ್ತು.”

ಬೆಸ್ಟ್ ಸೆಲ್ಲರ್ ಪತ್ತೇದಾರಿ? “ಕೊಂದಾವ ಯಾರಂತ ನನಗ ತಿಳೀತು, ಪೊಲೀಸರಿಗೆ ತಿಳೀಲಿಲ್ಲ.”

ಇಂಥವರಿಗೆ ನನ್ನ ಮೊದಲ ಕಾದಂಬರಿ ಕಳಿಸಿದ್ದೆ. ಅರ್ಪಣೆಯೂ ಅವರಿಗೇ. ಉಳಿದ ವಿಮರ್ಶಕರು ಏನಾದರೂ ಬರೆದುಕೊಳ್ಳಲಿ, ನನಗೆ ಬೇಕಿದ್ದದ್ದು ಮಾವಶಿಯ ಶಭಾಷ್. ಅದಕ್ಕೆಂದೇ ಧಾರವಾಡದಿಂದ ಮಿರಜಿನ ರೈಲು ಹತ್ತಿದ್ದೆ.

“ಹ್ಯಾಂಗ ಅನಿಸ್ತರಿ?” ಎಂದೆ.

“ಭಾಳ ಛಂದ ಐತಿ! ಒಂದೂ ತಪ್ಪು ಕಾಣಲಿಲ್ಲ ನೋಡವಾ.”

ರಷ್ಯಾ ಸೋತಿತು! ಇಂಗ್ಲೆಂಡ್ ಸೋತಿತು! ಸಾಂಗ್ಲಿಯ ಬೀದಿಯಲ್ಲಿ ಮೆರವಣಿಗೆಯೊಂದೇ ಬಾಕಿ. ಇಷ್ಟಕ್ಕೇ ಸುಮ್ಮನಿರಬಾರದಿತ್ತೇ? ಆಸೆ ಬಿಡಬೇಕಲ್ಲ!

“ಅರ್ಪಣೆ ಓದಿದ್ರಿ?”

“ಅದೇನೈತಿ, ನೀನ ಓದಿ ಹೇಳು. ನಾ ಮರಾಠಿ ಸಾಳ್ಯಾಗ ಕಲಿತಾಕಿ. ನನಗೆಲ್ಲಿ ಕನ್ನಡ ಅಕ್ಷರ ಬರತಾವ?”

ಹೌದಲ್ಲ! ಹುಟ್ಟಿದಾಗಿನಿಂದ ನನ್ನೊಡನೆ ಕನ್ನಡದಲ್ಲೇ ಮಾತಾಡಿದವರು, ಓದಿದ್ದೆಲ್ಲ ಮರಾಠಿಯಲ್ಲಿ. (ಮಹಾರಾಷ್ಟ್ರದ ಈ ಊರಿನ ಎಷ್ಟೋ ಕನ್ನಡ ಮನೆಗಳ ಕಥೆ ಇದೇ. ನನಗೆ ಹೊಳೆಯಲೇ ಇಲ್ಲ ನೋಡಿ.)

“ಮತ್ತ ಒಂದೂ ತಪ್ಪು ಕಾಣಲಿಲ್ಲ ಅಂದ್ರಿ?”

“ಖರೇನ ಹೇಳೇನಿ. ನನಗೇನು ಕಾಣಬೇಕು? ನಮ್ಮ ಹುಡುಗಿ ಬರದದ್ದು, ದಿನಾ ಕೈಯಾಗ ಹಿಡಕೊಂಡು ಕುಂದರತೇನಿ. ಛಂದ ಅನಸತೈತಿ.”

ನಗು ತಡೆಯಲಾಗಲಿಲ್ಲ. ಕಣ್ಣೂ ಒದ್ದೆಯಾಯಿತು. ಅರ್ಪಣೆ ಓದಿ ಹೇಳಿದೆ. ಮಾವಶಿ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ನೆಟ್ಟಗೆ ಕೂತರು.

“ಹಾಂ, ಈಗ ಕಾದಂಬರಿ ಸುರು ಮಾಡು. ತಪ್ಪಿದ್ರ ಅಲ್ಲೇ ಹೇಳತೇನಿ.”

ಈಗ ನೀವೇ ಹೇಳಿ: ಜೀವಮಾನದಲ್ಲಿ ಒಮ್ಮೆ ಸಿಕ್ಕ ಇಂಥ ವಿಮರ್ಶೆಯನ್ನು ಯಾವ ಲೇಖಕಿಯಾದರೂ ಪುಸ್ತಕ ಓದಿ ಹೇಳಿ ಹಾಳುಮಾಡಿಕೊಳ್ಳುತ್ತಾಳೆಯೇ?