ಅಪ್ಪನ ದನಿಗೆ ಎರಡು ಚುಕ್ಕಿ

ನನ್ನ ಅತ್ತಿಗೆಗೆ ಮನೆಯಲ್ಲಿ ಚುಕ್ಕಿ ಎಂದೇ ಹೆಸರು. ಇಟ್ಟವನು ನನ್ನ ಅಣ್ಣ. ಕಣ್ಣು ಕಾಣದವರಿಗಾಗಿ ಮಾತಾಡುವ ಪುಸ್ತಕ ತಯಾರಿಸುವ ಕಚೇರಿಯಲ್ಲಿ ಆಕೆಗೆ ಕೆಲಸ. ಪುಸ್ತಕದ ಸಾಲುಗಳೆಲ್ಲ ಎಕ್ಸ್‌ಎಂಎಲ್ ಎಂಬ ಬಗೆಯ ಒಂದು ಫೈಲಿನಲ್ಲಿರುತ್ತವೆ. ಪ್ರತಿ ಸಾಲಿನ ಜೊತೆಗೂ ಅದರ ಧ್ವನಿ ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸ. ಈ ವಿಳಾಸವನ್ನು ಅತ್ತಿಗೆ ಎಂದೂ ಕಂಪ್ಯೂಟರಿನ ಹೆಸರಿನಿಂದ ಶುರು ಮಾಡುವುದಿಲ್ಲ. ಫೈಲು ಇರುವ ಜಾಗದಿಂದಲೇ ಅವಳ ಲೆಕ್ಕ: ಎರಡು ಚುಕ್ಕಿ ಇಟ್ಟರೆ ಒಂದು ಫೋಲ್ಡರ್ ಹೊರಗೆ ಬಾ, ಓರೆಗೀಟು ಹಾಕಿ ಪಕ್ಕದ್ದಕ್ಕೆ ಹೋಗು. ಮನೆಯಲ್ಲೂ ಇದೇ ಚಾಳಿ. ಕತ್ತರಿ ಎಲ್ಲಿ ಎಂದು ಕೇಳಿದರೆ, "ನೀನೀಗ ಎಲ್ಲಿ ನಿಂತಿದೀಯ, ಮೊದ್ಲು ಅದನ್ನ ಹೇಳು" ಎಂದು ನನ್ನ ತಲೆ ತಿನ್ನುತ್ತಾಳೆ.

ಅಪ್ಪ ಆ ಕಚೇರಿಗೆ ಒಂದೇ ಒಂದು ಪುಸ್ತಕ ಓದಿಕೊಟ್ಟಿದ್ದರು, ಅದೂ ಹಲ್ಲಿನ ಆರೋಗ್ಯದ ಬಗ್ಗೆ. ರೆಕಾರ್ಡಿಂಗ್ ಆದದ್ದು ನಮ್ಮ ಮನೆಯ ಒಳಕೋಣೆಯಲ್ಲೇ. ಆಮೇಲೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ನಮ್ಮ ಪಾಲಿಗೆ ಅಪ್ಪನ ದನಿ ಎಂದರೆ ಆ ಪುಸ್ತಕ ಮಾತ್ರ.

ಒಂದು ದಿನ ಕಚೇರಿಯ ಹಳೇ ಕಂಪ್ಯೂಟರ್ ಕೆಟ್ಟು ಕೂತಿತು. ಹೊಸದರಲ್ಲಿ ಪುಸ್ತಕ ತೆರೆದರೆ ಓದುವ ಸರದಿ ಬಂದಂತೆ ಸಾಲುಗಳು ಒಂದೊಂದಾಗಿ ಹಳದಿಯಾಗುತ್ತ ಹೋದವು, ಸದ್ದಿಲ್ಲ. ಅತ್ತಿಗೆ ಮನೆಗೆ ಬಂದು ಇದನ್ನು ಹೇಳಿದಾಗ ನಾನು ಅತ್ತೇಬಿಟ್ಟೆ.

"ಅಳಬೇಡ್ವೇ. ದನಿ ಎಲ್ಲೂ ಹೋಗಿರಲ್ಲ. ವಿಳಾಸ ತಪ್ಪಿರುತ್ತೆ, ಅಷ್ಟೇ" ಎಂದಳು ಅತ್ತಿಗೆ. ಮಾತಿನಲ್ಲಿದ್ದ ಧೈರ್ಯ ಅವಳ ಮುಖದಲ್ಲಿರಲಿಲ್ಲ.

ಭಾನುವಾರ, ಕಚೇರಿಯ ಪುಸ್ತಕಗಳ ಪ್ರತಿಗಳನ್ನು ಇಟ್ಟಿದ್ದ ಡಿಸ್ಕನ್ನು ಮನೆಗೇ ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ವಿಳಾಸಗಳೆಲ್ಲ ಆ ಸತ್ತ ಕಂಪ್ಯೂಟರಿನ ಹೆಸರಿನಿಂದಲೇ ಶುರುವಾಗಿದ್ದವು; ಹಿಂದೆ ಯಾರೋ ಮಾಡಿಟ್ಟ ಕೆಲಸ. ಹೆಸರು ಅಳಿಸಿ ಎರಡು ಚುಕ್ಕಿ ಕೂರಿಸಿದಳು. ಮೊದಲ ಅಧ್ಯಾಯ ಮಾತಾಡಿತು! ಎರಡನೆಯದು ಜಪ್ಪಯ್ಯ ಅನ್ನಲಿಲ್ಲ. ಹುಡುಕಿ ಹುಡುಕಿ ಕೊನೆಗೆ ನಕ್ಕಳು. ಫೋಲ್ಡರಿನ ಹೆಸರು ವಿಳಾಸದಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರದಿಂದ ಶುರುವಾಗಿತ್ತು, ಡಿಸ್ಕಿನಲ್ಲಿ ಚಿಕ್ಕದರಿಂದ. ಅಷ್ಟಕ್ಕೇ ಲ್ಯಾಪ್‌ಟಾಪು, ಈ ಫೋಲ್ಡರ್ ನನಗೆ ಪರಿಚಯವೇ ಇಲ್ಲ ಎನ್ನುತ್ತಿತ್ತಂತೆ. ಒಂದು ಅಕ್ಷರಕ್ಕೆ ಅದೆಷ್ಟು ಜಂಬ!

ಅದನ್ನೂ ಸರಿಮಾಡಿದಳು. ಅಪ್ಪ ಕುರ್ಚಿ ಎಳೆದುಕೊಂಡು ಬಂದು ಕೂತರು. ದವಡೆಹಲ್ಲಿನ ಹಿಂಬದಿಯನ್ನು ಮರೆಯದೆ ಉಜ್ಜಬೇಕು ಎಂದು ಅಪ್ಪನೇ ಅಪ್ಪನಿಗೆ ಬೋಧಿಸಿದರು. ಎರಡು ಚುಕ್ಕಿ, ಒಂದು ಗೀಟು. ಅದರಾಚೆ ಒಬ್ಬ ಮನುಷ್ಯನ ಇಡೀ ಗಂಟಲು! ಇಂಥದ್ದನ್ನು ಕಣ್ಣಾರೆ ಕಾಣುತ್ತೇನೆಂದು ನಾನು ಅಂದುಕೊಂಡಿರಲಿಲ್ಲ.

ಡಿಸ್ಕಿನಲ್ಲಿ ಧ್ವನಿಯ ಇನ್ನೂ ಕೆಲವು ತುಣುಕುಗಳು ಮಿಕ್ಕಿದ್ದವು. ಪುಸ್ತಕದ ಯಾವ ಸಾಲಿನಲ್ಲೂ ಅವುಗಳ ವಿಳಾಸವಿರಲಿಲ್ಲ: ಕೆಮ್ಮು, ತಪ್ಪಿ ಓದಿದ್ದು, ನಡುವೆ ಆಡಿದ ಮಾತು. ಇಂಥವನ್ನು ಅಳಿಸಿಬಿಡುವುದೇ ಕಚೇರಿಯ ಪದ್ಧತಿ. ಅತ್ತಿಗೆ ಅಳಿಸಲಿಲ್ಲ. ಇಯರ್‌ಫೋನ್ ಹಾಕಿಕೊಂಡು ಒಂದನ್ನು ಕೇಳಿದಳು. ಆಮೇಲೆ ಅದನ್ನು ಅಪ್ಪನ ಕಿವಿಗೂ ಕೊಟ್ಟಳು.

"ಮಾವ, ಮನೇಲಿ ಇಟ್ಕೊಳ್ಳೋ ಪ್ರತಿಗೆ ಇದನ್ನ ಸೇರಿಸ್ಲಾ?"

ಅಪ್ಪ ಆಗಲಿ ಎಂದು ತಲೆಯಾಡಿಸಿದರು. ಅವಳು ಪುಸ್ತಕದ ಕೊನೆಯಲ್ಲಿ ಹೊಸದೊಂದು ಸಾಲು ಬರೆದು, ಎರಡು ಚುಕ್ಕಿಯ ವಿಳಾಸ ಕೊಟ್ಟು, ನಮಗೆಲ್ಲ ಕೇಳುವ ಹಾಗೆ ಪ್ಲೇ ಒತ್ತಿದಳು.

"ಏ ಪುಟ್ಟೀ, ಎಷ್ಟು ಸಲ ಹೇಳ್ಬೇಕೇ ನಿಂಗೆ? ಬಾಗಿಲು ಹಾಕು, ಗಲಾಟೆ ಎಲ್ಲಾ ಒಳಗೆ ಬರ್ತಿದೆ!"

ಪುಟ್ಟಿ ಎಂದರೆ ನಾನು. ಅದು ಓದುವ ದನಿಯಲ್ಲ, ದಿನಾ ನನ್ನನ್ನು ಬೈಯುತ್ತಿದ್ದ ದನಿ. ಅಪ್ಪ ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ಹೋಗಿ ಬಾಗಿಲು ಹಾಕಿ ಬಂದೆ.