ಉತ್ತರವಿಲ್ಲವೆಂದ ಅತ್ತಿಗೆ

ಅತ್ತಿಗೆಯ ಬಲಗೈ ತೋರುಬೆರಳ ತುದಿ ಉಣ್ಣೆ ನೂತು ನೂತು ಕಲ್ಲಿನಂತೆ ಗಟ್ಟಿಯಾಗಿತ್ತು. ಅದೇ ಬೆರಳಿನಿಂದ ಒಲೆ ಮುಂದಿನ ಬೂದಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ದೊಡ್ಡಉಳ್ಳಾರ್ತಿಯ ಕುರಿ ಸಾಕುವವರ ಮನೆಯಿಂದ ಅವಳು ಬಿ.ಜಿ. ಕೆರೆಯ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನು ಒಂಬತ್ತನೇ ತರಗತಿ. ಹಿಂಡಿನ ಜೊತೆ ಹೋಗಬೇಕಾಗಿ ಅವಳ ಓದು ಹತ್ತನೇ ಪರೀಕ್ಷೆಗೆ ಮುಂಚೆಯೇ ನಿಂತಿತ್ತು. ಅದುವರೆಗೆ ನಮ್ಮ ಮನೆಯಲ್ಲಿ ಲೆಕ್ಕದಲ್ಲಿ ಚುರುಕು ಎಂದರೆ ನಾನೊಬ್ಬಳೇ.

ಒಂದು ಸಂಜೆ (−2)ˣ = −1/8 ಎಂಬ ಸಮೀಕರಣ ಬಿಡಿಸಲಾಗದೆ ಕೂತಿದ್ದೆ. ಮುದ್ದೆ ತೊಳಸುತ್ತಿದ್ದ ಅತ್ತಿಗೆ ಕತ್ತು ಚಾಚಿ ನೋಡಿದಳು.

"ಎಂಟು ಅಂದ್ರೆ ಎರಡರ ಘಾತ ಮೂರು. ಅದು ಛೇದದಾಗೈತೆ, ಅದ್ಕೆ ಘಾತ ಮೈನಸ್ ಮೂರು. ಮೂರು ಬೆಸ, ಹಂಗಾಗಿ ಮುಂದಿನ ಮೈನಸ್ ಉಳೀತೈತೆ."

ಅವ್ವ ಓಣಿಯ ಹೆಂಗಸರಿಗೆಲ್ಲ ಸೊಸೆಯ ತಲೆ ಎಂಥದೆಂದು ಹೇಳಿಕೊಂಡು ಬಂದಳು. ಅಣ್ಣ ಹತ್ತನೇ ತರಗತಿಯ ಪುಸ್ತಕ ತಂದುಕೊಟ್ಟು, ಪರೀಕ್ಷೆ ಕಟ್ಟು ಎಂದ. ನನಗೆ ಊಟ ಸೇರಲಿಲ್ಲ.

ಅವಳನ್ನು ಎಲ್ಲರೆದುರು ಸೋಲಿಸಬೇಕೆಂದು ನಾನೇ ಒಂದು ಲೆಕ್ಕ ಹೆಣೆದೆ: (−2)ˣ = −16. ಅತ್ತಿಗೆ ಬೂದಿಯಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, "ಇದ್ಕೆ ಉತ್ತರ ಇಲ್ಲ ಕಣಮ್ಮ" ಎಂದಳು. ನಾಲ್ಕು ಸಮಸಂಖ್ಯೆ, ಘಾತ ನಾಲ್ಕಾದರೆ ಮೈನಸ್ ಹೋಗಿ ಬರೀ ಹದಿನಾರು ಬರುತ್ತದೆ. ಮೂರಾದರೆ ಮೈನಸ್ ಎಂಟು, ಐದಾದರೆ ಮೈನಸ್ ಮೂವತ್ತೆರಡು ಎಂದು ಬಿಡಿಸಿ ಹೇಳಿದಳು. ಉತ್ತರ ನಾಲ್ಕೇ ಎಂದು ನಾನು ಹಟ ಹಿಡಿದೆ. ಬಾರದ ಲೆಕ್ಕಕ್ಕೆ ಉತ್ತರವೇ ಇಲ್ಲ ಅಂತಾಳೆ ಎಂದು ಅಣ್ಣ ನಕ್ಕುಬಿಟ್ಟ.

ಮರುದಿನ ಮೇಷ್ಟ್ರು ಲೆಕ್ಕ ನೋಡಿ, ನಿಮ್ಮತ್ತಿಗೆ ಹೇಳಿದ್ದೇ ಸರಿ ಎಂದರು. ಮನೆಗೆ ಬಂದೊಡನೆ ಅಣ್ಣ ವಿಚಾರಿಸಿದ. ನನ್ನದೇ ಸರಿಯಂತೆ ಎಂದೆ. ಅತ್ತಿಗೆ ನನ್ನ ಮುಖ ನೋಡಿದಳು. ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕಿಟ್ಟಳು. ಅಣ್ಣನೂ ಪರೀಕ್ಷೆಯ ಮಾತೆತ್ತಲಿಲ್ಲ. ಗೆದ್ದೆನೆಂದು ಕೆಲವು ದಿನ ಹಿಗ್ಗಿದ್ದೂ ಉಂಟು.

ಪರೀಕ್ಷೆಗೆ ಅರ್ಜಿ ಹಾಕಲು ಇನ್ನೆರಡೇ ದಿನ ಉಳಿದಾಗ ತಡೆಯಲಾಗಲಿಲ್ಲ. ಹಿತ್ತಲಲ್ಲಿ ಅವಳೊಬ್ಬಳೇ ಇದ್ದಾಗ ನಿಜ ಹೇಳಿದೆ. ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು. ನಂಗೆ ಹೇಳಿದ್ರೆ ಏನ್ ಬಂತು? ನಿಮ್ಮಣ್ಣಂಗೆ ಹೇಳು."

ಹೇಳಿದೆ. ಅಣ್ಣ ನನ್ನನ್ನು ಬೈಯಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಮೊಳಕಾಲ್ಮೂರಿಗೆ ಹೋಗಿ ಪರೀಕ್ಷೆ ಕಟ್ಟಿ ಬಂದ.

ಅತ್ತಿಗೆ ಪಾಸಾದಳು. ಮರುವರ್ಷ ನಾನು ಬರೆದೆ, ಅವಳೇ ಕೂರಿಸಿಕೊಂಡು ಓದಿಸಿದಳು. ಆದರೂ ಗಣಿತದಲ್ಲಿ ನನಗೆ ಅವಳಿಗಿಂತ ಆರು ಅಂಕ ಕಡಿಮೆ. ನಾನು ಪಾಸಾದೆನೆಂದು ಅವಳು ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಅಂಕಪಟ್ಟಿಯನ್ನು ಯಾರಿಗೂ ತೋರಿಸಲಿಲ್ಲ.

ಮುಂದೆ ನಾನು ಚಳ್ಳಕೆರೆಯಲ್ಲಿ ಗಣಿತದ ಟೀಚರಾದೆ. ಅವಳು ಜಗಲಿಯ ಮೇಲೆ ಊರ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ ಉಳಿದಳು. ನಲವತ್ತು ತುಂಬುವ ಮೊದಲೇ ಕಾಯಿಲೆಯಲ್ಲಿ ತೀರಿಕೊಂಡಳು. ನಾನು ಹೋಗುವಷ್ಟರಲ್ಲಿ ಅವಳ ಕೈಕೆಳಗೆ ಕಲಿತವರು ಅಂಗಳದ ತುಂಬ ನಿಂತು ಅಳುತ್ತಿದ್ದರು. ನಾನು ಸತ್ತರೆ ಇಷ್ಟು ಜನ ಬರುವುದಿಲ್ಲ ಎಂದು ನನಗೆ ಮೊದಲು ಅನ್ನಿಸಿತು. ಅಳು ಬಂದದ್ದು ಆಮೇಲೆ.