ಮಿತವ್ಯಯದ ವರ್ಷ

ಬೊಂಬಾಯಿ ಜ್ವರವೆಂದು ಜನ ಕರೆದ 1918ರ ಇನ್‌ಫ್ಲುಯೆಂಜಾ ಕೊಡಗಿನ ಮೇಲೆ ಹಾದುಹೋದ ಮರುವರ್ಷ, ಮಡಿಕೇರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ತಿರುಮಲೇಶ್ವರ ಭಟ್ಟನಿಗೆ ಹೊಸ ಕೆಲಸ ಬಿತ್ತು. ಜ್ವರದ ನಂತರ ಮೈಸೂರು, ಮದ್ರಾಸು, ಕೊಡಗು ಈ ಮೂರು ಸರ್ಕಾರಗಳ ಆದಾಯ ವೆಚ್ಚಗಳನ್ನು ಹೋಲಿಸಿ ವರದಿ ಬರೆಯಬೇಕಿತ್ತು.

ಜ್ವರದ ವರ್ಷ ಅವನ ಹೆಂಡತಿ ಪದ್ಮಾಕ್ಷಿ ಚೊಚ್ಚಲ ಹೆರಿಗೆಗೆಂದು ಭಾಗಮಂಡಲದ ತವರಿಗೆ ಹೋಗಿದ್ದಳು. ಅಲ್ಲೇ ಜ್ವರ ಹಿಡಿಯಿತು. ತಾಯಿ ಕಾವೇರಮ್ಮ ಅವಳನ್ನು ಡೋಲಿಯಲ್ಲಿ ಹೊರಿಸಿಕೊಂಡು ಹತ್ತಿರದ ಔಷಧಾಲಯಕ್ಕೆ ಹೋದರೆ ಬಾಗಿಲಿಗೆ ಬೀಗ. ಕಾಂಪೌಂಡರ್ ಸತ್ತ ಮೇಲೆ ಬೇರೆಯವರನ್ನು ನೇಮಿಸಿರಲಿಲ್ಲ. ತಿರುಮಲೇಶ್ವರನಿಗೆ ಸುದ್ದಿ ಮುಟ್ಟಿ ಅವನು ಓಡಿ ಬರುವಷ್ಟರಲ್ಲಿ ಚಿತೆ ಆರಿತ್ತು. ಮಗುವೂ ಹೊಟ್ಟೆಯಲ್ಲೇ ಹೋಗಿತ್ತು.

ಅವನು ಮೂರರ ಲೆಕ್ಕವನ್ನೂ ಎರಡೆರಡು ಸಲ ಕೂಡಿಸಿ ನೋಡಿದ. ಉಳಿದೆರಡು ಸರ್ಕಾರಗಳು ರೋಗಕ್ಕೆ ಖರ್ಚು ಮಾಡಿ ಸೊರಗಿದ್ದವು. ಕೊಡಗಿನಲ್ಲಿ ಮಾತ್ರ ಹಣ ಮಿಕ್ಕಿತ್ತು. ಮಿಕ್ಕಿದ್ದರಲ್ಲಿ ಆ ಕಾಂಪೌಂಡರನ ಸಂಬಳವೂ ಇತ್ತು.

ರೋಗಕ್ಕೆ ಖರ್ಚು ಮಾಡದೆ ಉಳಿದ ಹಣ ಅದು ಎಂದೇ ಅವನು ಒಂದು ಸಾಲು ಬರೆದ. ಹೆಡ್ ಗುಮಾಸ್ತ ಉತ್ತಯ್ಯ ಓದಿ, ಆ ಸಾಲಿನ ಮೇಲೆ ಬೆರಳಿಟ್ಟರು.

"ಭಟ್ರೇ, ನನ್ನ ತಮ್ಮನೂ ಆ ಜ್ವರದಲ್ಲೇ ಹೋದ. ನಂಗೆ ಗೊತ್ತಿಲ್ಲ ಅಂದ್ಕೋಬೇಡಿ. ಆದ್ರೆ ಇದು ಮೇಲೆ ಹೋದ್ರೆ ನಿಮ್ಮ ಕೆಲ್ಸ ಹೋಗ್ತದೆ, ಸಾಲೂ ಉಳಿಯಲ್ಲ."

"ಮತ್ತೆ ಏನು ಬರೀಲಿ ಸಾರ್?"

"ಮಿತವ್ಯಯ ಅಂತ ಬರೀರಿ."

ಅವನು ಬರೆದ. ತನ್ನ ಅಕ್ಷರ ಯಾವತ್ತಿನಷ್ಟೇ ದುಂಡಗೆ ಬಂದದ್ದು ಕಂಡು ಅವನಿಗೆ ಹೇಸಿಗೆಯಾಯಿತು.

ಮೇಲಿನಿಂದ ಮೆಚ್ಚುಗೆ ಬಂತು. ಮೂರರಲ್ಲಿ ಕೊಡಗೇ ಮೇಲು ಎಂದು ಸಾಹೇಬರು ಎಲ್ಲರ ಕೈ ಕುಲುಕಿದರು. ತಿರುಮಲೇಶ್ವರ ರಜೆ ಹಾಕಿ ಭಾಗಮಂಡಲಕ್ಕೆ ಹೋದ. ಅತ್ತೆಯ ಮುಂದೆ ಒಂದನ್ನೂ ಮುಚ್ಚಿಡಲಿಲ್ಲ.

ಕಾವೇರಮ್ಮ ಕೇಳಿಸಿಕೊಂಡರು. "ಅಷ್ಟು ದುಡ್ಡು ಉಳಿದದ್ದು ಹೌದಾದ್ರೆ, ಇನ್ನಾದ್ರೂ ಆ ಔಷಧಾಲಯಕ್ಕೆ ಒಬ್ಬನನ್ನು ಹಾಕ್ತಾರಾ? ಪಕ್ಕದ ಮನೆ ಹುಡುಗಿಗೆ ಈಗ ಏಳು ತಿಂಗಳು."

"ಇಲ್ಲ ಅತ್ತೆ. ಬರುವ ವರ್ಷವೂ ಹೀಗೇ ನಡೆಸಿ ಅಂತ ಮೇಲಿನವರು ಬರೆದಿದ್ದಾರೆ."

ಅವರು ಬೈಯಲಿಲ್ಲ, ಅಳಲಿಲ್ಲ. "ಕೈಕಾಲು ತೊಳೆದು ಬನ್ನಿ, ಊಟಕ್ಕೆ ಹಾಕ್ತೇನೆ" ಎಂದು ಒಳಗೆ ಹೋದರು. ತಿರುಮಲೇಶ್ವರನಿಗೆ ಏಳಲಾಗಲಿಲ್ಲ. ಮಡದಿ ಸತ್ತಾಗಲೂ ಬಾರದ ಅಳು ಈಗ ಬಂತು. ಒಳಗಿಂದ ಅತ್ತೆ ಎರಡು ಸಲ ಕರೆದರು, ಆಮೇಲೆ ಕರೆಯಲಿಲ್ಲ.